ಯುಕೆಯಲ್ಲಿ ಆಕ್ಯುಪೇಷನಲ್ ಥೆರಪಿ ಓದಲು ಹೊರಟಿದ್ದೀರಾ? ಡೆಪಾಸಿಟ್ ಕಟ್ಟುವ ಮೊದಲು ಇದನ್ನು ಓದಿ

ಯುಕೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಷ್ಟಪಡುವವರಿಗೆ ನೆರವಾಗುವವರು) ಆಗಿ ಕೆಲಸ ಮಾಡಬೇಕಾದರೆ ಎಚ್‌ಸಿಪಿಸಿ (ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್) ಎಂಬ ಸಂಸ್ಥೆಯಲ್ಲಿ ನೋಂದಣಿ ಆಗಲೇಬೇಕು. ನೋಂದಣಿ ಇಲ್ಲದವರು ಆ ಹೆಸರು ಹೇಳಿಕೊಳ್ಳುವುದೂ ಅಲ್ಲಿ ಕಾನೂನಿಗೆ ವಿರುದ್ಧ. ಹೊಸದಾಗಿ ಅಲ್ಲೇ ಓದುವವರಿಗೆ ಎಚ್‌ಸಿಪಿಸಿ ಒಪ್ಪಿದ ಕೋರ್ಸ್ ಮುಗಿಸಿದರೆ ಮಾತ್ರ ಆ ನೋಂದಣಿಗೆ ದಾರಿ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಇಷ್ಟು ಮುಖ್ಯವಾದ ವಿಷಯವನ್ನು ನನ್ನ ತಂಗಿಗೆ ಕೊನೆಯವರೆಗೂ ಹೇಳಲಿಲ್ಲ. ನಾಲ್ಕು ಲಕ್ಷದ ಹತ್ತಿರ ದುಡ್ಡು ಹೋಯಿತು, ಒಂದು ವರ್ಷವೂ ಹೋಯಿತು. ಇನ್ನೊಂದು ಮನೆಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ತಂಗಿ ಸೈಕಾಲಜಿಯಲ್ಲಿ ಬಿಎಸ್ಸಿ ಮಾಡಿ ಮೈಸೂರಿನ ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಬರುತ್ತಿದ್ದ ಥೆರಪಿಸ್ಟ್ ಒಬ್ಬರು ಮಕ್ಕಳಿಗೆ ಅಂಗಿಯ ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಕಲಿಸುತ್ತಿದ್ದರು. ಒಬ್ಬ ಹುಡುಗನ ಕೈಯಲ್ಲಿ ಚಮಚ ನಿಲ್ಲುತ್ತಲೇ ಇರಲಿಲ್ಲ. ಅವರು ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟರು. ಅವತ್ತು ಅವನು ತಾನೇ ಉಪ್ಪಿಟ್ಟು ತಿಂದನಂತೆ. ಆ ಸಂಜೆ ಮನೆಯಲ್ಲಿ ಇವಳಿಗೆ ಬೇರೆ ಮಾತೇ ಇರಲಿಲ್ಲ. ಓದಿದರೆ ಇದನ್ನೇ ಓದುತ್ತೇನೆ ಅಂತ ಗಟ್ಟಿ ಮಾಡಿಕೊಂಡಳು.

ಇಲ್ಲಿ ಎಂಒಟಿ (ಆಕ್ಯುಪೇಷನಲ್ ಥೆರಪಿಯ ಮಾಸ್ಟರ್ಸ್) ಸೇರಬೇಕಾದರೆ ಮೊದಲು ಬಿಒಟಿ (ಅದರದೇ ಬ್ಯಾಚುಲರ್ ಡಿಗ್ರಿ) ಆಗಿರಬೇಕು. ಅದಕ್ಕೆ ಮತ್ತೆ ನಾಲ್ಕು ವರ್ಷಕ್ಕಿಂತ ಜಾಸ್ತಿ ಬೇಕು. ಯುಕೆಯಲ್ಲಿ ಮಾತ್ರ ಬೇರೆ ಡಿಗ್ರಿ ಆದವರಿಗೂ 'ಪ್ರೀ-ರಿಜಿಸ್ಟ್ರೇಷನ್' ಎಂಎಸ್ಸಿ, ಅಂದರೆ ಮುಗಿಸಿದ ಮೇಲೆ ನೋಂದಣಿಗೆ ಅರ್ಜಿ ಹಾಕಬಹುದಾದ ಕೋರ್ಸ್ ಇದೆ. ಸಾಮಾನ್ಯವಾಗಿ 2 ವರ್ಷ. ಅದರಲ್ಲಿ ರೋಗಿಗಳ ಜೊತೆ ಕನಿಷ್ಠ 1,000 ಗಂಟೆ ತರಬೇತಿ ಸೇರಿರುತ್ತದೆ. ತಂಗಿ ಕನ್ಸಲ್ಟೆನ್ಸಿಗೆ ಹೋಗಿ ಕೇಳಿದ್ದು ಇದನ್ನೇ, ಇದೇ ಹೆಸರು ಹೇಳಿ.

ಅವರು ತೋರಿಸಿದ್ದು ಒಂದು ವರ್ಷದ ರಿಹ್ಯಾಬಿಲಿಟೇಷನ್ ಎಂಎಸ್ಸಿ. ಅಪ್ಪ ಅನುಮಾನದಿಂದ ಕೇಳಿದರೆ ಅಲ್ಲಿನ ಕೌನ್ಸೆಲರ್, "ಎರಡೂ ಒಂದೇ ಅಂಕಲ್, ಹೆಸರು ಮಾತ್ರ ಬೇರೆ. ಇದು ಒಂದೇ ವರ್ಷಕ್ಕೆ ಮುಗಿಯುತ್ತೆ, ಖರ್ಚೂ ಕಮ್ಮಿ" ಅಂದರು. ಎರಡೂ ಒಂದೇ ಅಲ್ಲ. ಆ ಕೋರ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಈಗಾಗಲೇ ಫಿಸಿಯೋ ಅಥವಾ ಓಟಿ ಆದವರಿಗೆ ಅದರಿಂದ ಉಪಯೋಗ ಆಗಬಹುದು. ಸೈಕಾಲಜಿ ಓದಿದ ಹುಡುಗಿ ಅದನ್ನು ಮುಗಿಸಿದರೆ ಥೆರಪಿಸ್ಟ್ ಆಗುವುದಿಲ್ಲ, ಅಷ್ಟೇ. ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ಎಸ್‌ಒಪಿಯಲ್ಲಿ (ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿ ಜೊತೆ ಕೊಡುವ ಬರಹ) ಆಕ್ಯುಪೇಷನಲ್ ಥೆರಪಿ ಇರಬೇಕಾದ ಕಡೆ ಫಿಸಿಯೋಥೆರಪಿ ಅಂತಿತ್ತು. ತಂಗಿಯೇ ಕೂತು ತಿದ್ದಿದಳು.

ಇಂಥ ಕನ್ಸಲ್ಟೆನ್ಸಿಗಳಿಗೆ ಪ್ರತಿ ವಿದ್ಯಾರ್ಥಿಗೆ ಇಷ್ಟು ಅಂತ ಯೂನಿವರ್ಸಿಟಿಗಳಿಂದ ಕಮಿಷನ್ ಬರುತ್ತದೆ. ಅವರು ತೋರಿಸಿದ ಪಟ್ಟಿಯಲ್ಲಿ ಪ್ರೀ-ರಿಜಿಸ್ಟ್ರೇಷನ್ ಕೋರ್ಸ್ ಒಂದೂ ಇರಲಿಲ್ಲ. 'ನಮ್ಮಲ್ಲಿ ಇಲ್ಲ' ಅಂದಿದ್ದರೆ ನಾವು ಬೇರೆ ಕಡೆ ಹೋಗುತ್ತಿದ್ದೆವು.

ಅಪ್ಪ ಸೈಟ್ ಪತ್ರ ಇಟ್ಟು ಸಾಲ ತೆಗೆದರು. ಡೆಪಾಸಿಟ್ ಕಟ್ಟಾಯಿತು, ವೀಸಾ ಅರ್ಜಿಯೂ ಹೋಯಿತು. ಆಮೇಲೆ ಯುಕೆಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಓಟಿ ಆಗಿರುವ ಹಾಸನದ ಕಡೆಯವರೊಬ್ಬರು ಪರಿಚಯವಾದರು. ಕೋರ್ಸಿನ ಹೆಸರು ಕೇಳಿದ ತಕ್ಷಣ ಅವರು, "ಎಚ್‌ಸಿಪಿಸಿ ಪಟ್ಟಿಯಲ್ಲಿ ಇದೆಯಾ ನೋಡಮ್ಮ" ಅಂದರು. ಇರಲಿಲ್ಲ. ಈ ಕೋರ್ಸಿನಿಂದ ನೋಂದಣಿ ಸಿಗುವುದಿಲ್ಲ ಅಂತ ಯೂನಿವರ್ಸಿಟಿಯ ಪುಟದಲ್ಲೇ ಕೆಳಗೆ ಒಂದು ಸಾಲು ಇತ್ತು. ದಿನಾ ಆ ಯೂನಿವರ್ಸಿಟಿಯ ಜೊತೆ ವ್ಯವಹಾರ ಮಾಡುವವರಿಗೆ ಅದು ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಕನ್ಸಲ್ಟೆನ್ಸಿಗೆ ಫೋನ್ ಮಾಡಿದರೆ, ಅಲ್ಲಿಗೆ ಹೋದ ಮೇಲೆ ಕೋರ್ಸ್ ಬದಲಾಯಿಸಿಕೊಳ್ಳಿ ಅನ್ನುವ ಉತ್ತರ ಬಂತು. ದಯವಿಟ್ಟು ಈ ಮಾತು ಕೇಳಿ ವಿಮಾನ ಹತ್ತಬೇಡಿ. ಪ್ರೀ-ರಿಜಿಸ್ಟ್ರೇಷನ್ ಕೋರ್ಸಿಗೆ ಬೇರೆಯೇ ಅರ್ಜಿ, ಬೇರೆಯೇ ಸಂದರ್ಶನ ಇರುತ್ತದೆ. ಪೊಲೀಸ್ ದಾಖಲೆ, ಆರೋಗ್ಯ ಎಲ್ಲ ನೋಡುತ್ತಾರೆ. ಆಸ್ಪತ್ರೆಗಳಲ್ಲಿ ಎಷ್ಟು ಜನಕ್ಕೆ ತರಬೇತಿ ಕೊಡಿಸಲು ಆಗುತ್ತದೋ ಅದನ್ನು ನೋಡಿ ಸೀಟು ಇಡುತ್ತಾರೆ. ಸ್ಟೂಡೆಂಟ್ ವೀಸಾದಲ್ಲಿ ಹೋದವರು ಮಧ್ಯದಲ್ಲಿ ಸುಮ್ನೆ ಅದಕ್ಕೆ ಹಾರಲು ಆಗುವುದಿಲ್ಲ.

ನೀವು ನೋಡಿಕೊಳ್ಳುವುದು ಕಷ್ಟವೇನಲ್ಲ. ಎಚ್‌ಸಿಪಿಸಿ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಕೋರ್ಸ್‌ಗಳ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಯೂನಿವರ್ಸಿಟಿ ಹೆಸರು ಸಿಕ್ಕಿದ ಕೂಡಲೇ ಸಮಾಧಾನ ಪಡಬೇಡಿ. ಅದೇ ಯೂನಿವರ್ಸಿಟಿಯಲ್ಲಿ ಒಪ್ಪಿಗೆ ಇರುವ ಕೋರ್ಸೂ ಇರುತ್ತದೆ, ಇಲ್ಲದ್ದೂ ಇರುತ್ತದೆ. ಆಫರ್ ಲೆಟರಿನಲ್ಲಿರುವ ಕೋರ್ಸಿನ ಪೂರ್ತಿ ಹೆಸರು ಅಕ್ಷರಕ್ಕಕ್ಷರ ಹೊಂದಬೇಕು. ಆಮೇಲೆ ಯೂನಿವರ್ಸಿಟಿಗೇ ನೇರವಾಗಿ ಇಮೇಲ್ ಮಾಡಿ, ಇದನ್ನು ಮುಗಿಸಿದರೆ ಎಚ್‌ಸಿಪಿಸಿಗೆ ಅರ್ಜಿ ಹಾಕಬಹುದಾ ಅಂತ ಕೇಳಿ. ಇಂಗ್ಲಿಷ್ ಅಂಕವನ್ನೂ ಗಮನಿಸಿ. ಎಚ್‌ಸಿಪಿಸಿ ಓಟಿಗಳಿಂದ ಕೇಳುವ ಮಟ್ಟ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಮ್ಮಿ ಇರಬಾರದು. 6ಕ್ಕೇ ಸೀಟು ಕೊಡಿಸುತ್ತೇವೆ ಅಂದರೆ ಅದು ಯಾವ ಕೋರ್ಸ್ ಅಂತ ಇನ್ನೊಂದು ಸಲ ಕೇಳಿ.

ಬಿಒಟಿ ಮುಗಿಸಿದವರಿಗೆ ಒಂದು ಮಾತು. ನಿಮಗೆ ಹೊಸ ಎಂಎಸ್ಸಿ ಬೇಕೇಬೇಕು ಅಂತೇನಿಲ್ಲ. ಹೊರದೇಶದಲ್ಲಿ ಓದಿದವರಿಗಾಗಿ ಎಚ್‌ಸಿಪಿಸಿಯಲ್ಲಿ ಬೇರೆ ದಾರಿ ಇದೆ, ನಿಮ್ಮ ಡಿಗ್ರಿ ಮೇಲೇ ಅರ್ಜಿ ಹಾಕಬಹುದು. ಮೊದಲು ಅದನ್ನು ವಿಚಾರಿಸಿ.

ದುಡ್ಡಿನ ವಿಷಯಕ್ಕೆ ಬಂದರೆ, ತೀರ್ಮಾನ ಆಗುವ ಮೊದಲೇ ವೀಸಾ ಅರ್ಜಿ ವಾಪಸ್ ತೆಗೆದುಕೊಂಡದ್ದರಿಂದ ಹೆಲ್ತ್ ಸರ್‌ಚಾರ್ಜ್ (ಅಲ್ಲಿನ ಆರೋಗ್ಯ ಸೇವೆಗೆ ವೀಸಾ ಅರ್ಜಿ ಜೊತೆ ಕಟ್ಟುವ ದುಡ್ಡು) ನಮಗೆ ಮರಳಿ ಬಂತು. ವೀಸಾ ಶುಲ್ಕ ಬರಲಿಲ್ಲ, ಬಯೋಮೆಟ್ರಿಕ್ ಕೊಟ್ಟಾಗಿತ್ತು. ವೀಸಾ ತಿರಸ್ಕಾರವಾದರೆ ಮಾತ್ರ ಡೆಪಾಸಿಟ್ ವಾಪಸ್ ಅಂತ ಯೂನಿವರ್ಸಿಟಿಯ ನಿಯಮ, ಅದೂ ಹೋಯಿತು. ಕನ್ಸಲ್ಟೆನ್ಸಿ ಪ್ರೋಸೆಸಿಂಗ್ ಫೀಸ್ ತೆಗೆದುಕೊಂಡಿತ್ತು. ಅದಕ್ಕಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಮೊದಲು ಸಲಹೆ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕೌನ್ಸೆಲರ್ ಮುಖ್ಯವಾದ ಮಾತನ್ನೆಲ್ಲ ಫೋನಿನಲ್ಲೇ ಹೇಳುತ್ತಿದ್ದರು, ಬರಹದಲ್ಲಿ ಏನನ್ನೂ ಕೊಡುತ್ತಿರಲಿಲ್ಲ. 'ಎರಡೂ ಒಂದೇ' ಅಂದ ಒಂದೇ ಒಂದು ವಾಟ್ಸಾಪ್ ವಾಯ್ಸ್ ನೋಟ್ ತಂಗಿಯ ಫೋನಿನಲ್ಲಿ ಉಳಿದಿತ್ತು. ಈಗ ನಮ್ಮ ದೂರು ನಿಂತಿರುವುದು ಅದರ ಮೇಲೆಯೇ.