ಯಾಕುಷಿಜಿಯ ಶಾಕ್ಯೊ: ಸೂತ್ರವನ್ನು ಕೈಯಾರೆ ಬರೆದು ಅರ್ಪಿಸುವ ಸೇವೆ

ಜಪಾನಿನ ನಾರಾದಲ್ಲಿ, ನಿಶಿನೊಕ್ಯೊ ರೈಲು ನಿಲ್ದಾಣದ ಪಕ್ಕದಲ್ಲೇ ಇರುವ ಯಾಕುಷಿಜಿ ದೇವಾಲಯಕ್ಕೆ ಹೋಗುವವರು 730ರ ಪೂರ್ವ ಗೋಪುರವನ್ನು ನೋಡಿಯೇ ನೋಡುತ್ತಾರೆ. ಅಲ್ಲಿ ನಡೆಯುವ ಶಾಕ್ಯೊ, ಅಂದರೆ ಬೌದ್ಧ ಸೂತ್ರವನ್ನು ಕೈಯಾರೆ ನಕಲು ಮಾಡಿ ಅರ್ಪಿಸುವ ಸೇವೆಗೂ ಒಂದೂವರೆ ಗಂಟೆ ಮೀಸಲಿಡಬೇಕೆಂಬುದು ನನ್ನ ಆಗ್ರಹ.

ಕಾಣಿಕೆ ಸಲ್ಲಿಸಿ, ಕೊರಳಿಗೆ ಕಾಷಾಯದ ಪಟ್ಟಿ ಧರಿಸಿ, ಬಾಯಿಯ ಶುದ್ಧಿಗಾಗಿ ಲವಂಗವನ್ನಿಟ್ಟುಕೊಂಡು, ಆನೆಯಾಕಾರದ ಧೂಪಪಾತ್ರೆಯನ್ನು ದಾಟಿ ಒಳಗೆ ಹೋಗಬೇಕು. ಸಾಣೆಕಲ್ಲಿನ ಮೇಲೆ ಗಂಧ ತೇಯುವಂತೆ ಮಸಿಕಡ್ಡಿಯನ್ನು ನಿಧಾನವಾಗಿ ತೇಯುವಾಗಲೇ ಮನಸ್ಸು ಅರ್ಧ ಹದಕ್ಕೆ ಬರುತ್ತದೆ. ಮಾದರಿ ಹಾಳೆಯ ಮೇಲೆ ತೆಳು ಕಾಗದವನ್ನಿರಿಸಿ, ಅಡಿಯಿಂದ ಕಾಣುವ ಅಕ್ಷರಗಳ ಜಾಡಿನಲ್ಲಿ ಕುಂಚ ನಡೆಸುವುದರಿಂದ, ಆ ಲಿಪಿಯ ಪರಿಚಯವೇ ಇಲ್ಲದವರೂ ಪ್ರಜ್ಞಾಪಾರಮಿತಾ ಹೃದಯ ಸೂತ್ರದ 262 ಅಕ್ಷರಗಳನ್ನು ಬರೆದು ಮುಗಿಸಬಹುದು. ನಿರಾಕರಣೆಯನ್ನು ಸೂಚಿಸುವ ಒಂದು ಅಕ್ಷರ ಇದರಲ್ಲಿ 21 ಸಲ ಬರುತ್ತದೆ. ಅದರ ಬುಡದಲ್ಲಿರುವ ನಾಲ್ಕು ಚುಕ್ಕೆಗಳನ್ನು ಅವಸರದಿಂದ ಇಟ್ಟರೆ ಮಸಿ ಕಲೆತುಹೋಗುತ್ತದೆ, ಕುಂಚವನ್ನು ಪ್ರತಿ ಸಲವೂ ಎತ್ತಿ ಇಟ್ಟರೆ ಮಾತ್ರ ಬಿಡಿಬಿಡಿಯಾಗಿ ಮೂಡುತ್ತದೆ.

ಅಚ್ಚಿನ ಮೇಲೆ ತಿದ್ದುವುದು ಲಿಪಿಕಲೆಯಾದೀತೇ ಎಂದು ಕೇಳುವವರಿದ್ದಾರೆ. ಅವರು ಹಳೆಯ ಕಾಲದ ಸೂತ್ರಪ್ರತಿಗಳನ್ನು ನೋಡಬೇಕು. 12ನೆಯ ಶತಮಾನದಲ್ಲಿ ಉತ್ತರ ಜಪಾನಿನ ಅಧಿಪತಿ ಫುಜಿವಾರಾ ನೊ ಕಿಯೊಹಿರಾ ಬರೆಸಿದ ಸೂತ್ರಗಳಲ್ಲಿ ನೀಲಿಯದ್ದಿದ ಕಾಗದದ ಮೇಲೆ ಚಿನ್ನದ ಒಂದು ಸಾಲು, ಬೆಳ್ಳಿಯ ಒಂದು ಸಾಲು ಇವೆ. 1164ರಲ್ಲಿ ಯೋಧನಾಯಕ ತೈರಾ ನೊ ಕಿಯೊಮೊರಿ ತನ್ನ ವಂಶದವರೊಡನೆ ಇತ್ಸುಕುಶಿಮಾ ದೇಗುಲಕ್ಕೆ 33 ಸುರುಳಿಗಳನ್ನು ಅರ್ಪಿಸಿದ. ಚಿನ್ನದ ಪುಡಿಯನ್ನು ಅಂಟಿನಲ್ಲಿ ಕಲಸಿ ಬರೆದು, ಒಣಗಿದ ಮೇಲೆ ಹಂದಿಯ ಕೋರೆಯಿಂದ ಉಜ್ಜಿ ಹೊಳಪು ತರುತ್ತಿದ್ದರು. ಒಂದೊಂದು ಅಕ್ಷರಕ್ಕೂ ಮೂರು ಬಾರಿ ನಮಸ್ಕರಿಸಿ ಬರೆಯುವ ವ್ರತವೂ ಇತ್ತು. ಇಷ್ಟು ವೈಭವದ ಬರಹಗಳಲ್ಲಿಯೂ ಸಾಲಿಗೆ 17 ಅಕ್ಷರಗಳೆಂಬ ಕಟ್ಟಳೆಯನ್ನು ಪಾಲಿಸುವುದೇ ವಾಡಿಕೆಯಾಗಿತ್ತು. ಬರೆದವನ ಕೈಚಳಕವನ್ನು ಮೆರೆಸುವುದಕ್ಕಿಂತ ಬುದ್ಧವಚನವನ್ನು ಲೋಪವಿಲ್ಲದೆ ಉಳಿಸುವುದೇ ಪುಣ್ಯಕಾರ್ಯವೆಂದು ನಂಬಿದ್ದ ಆ ಪರಂಪರೆಗೆ ಯಾಕುಷಿಜಿಯ ಪದ್ಧತಿ ನಿಷ್ಠವಾಗಿಯೇ ಇದೆ ಎಂದು ನಾನು ಭಾವಿಸುತ್ತೇನೆ.

ಇಲ್ಲಿ ಸಲ್ಲಿಸುವ ಕಾಣಿಕೆಗೂ ಒಂದು ಹಿನ್ನೆಲೆಯಿದೆ. 1528ರಲ್ಲಿ ಸುಟ್ಟುಹೋದ ಮುಖ್ಯ ಮಂದಿರವನ್ನು ಮತ್ತೆ ಕಟ್ಟಲು ಗುರು ತಕಾದಾ ಕೋಇನ್ ಅವರು 1968ರಲ್ಲಿ ಹತ್ತು ಲಕ್ಷ ಪ್ರತಿಗಳ ಸಂಕಲ್ಪ ತೊಟ್ಟು, ಜನರು ಬರೆದು ಸಲ್ಲಿಸಿದ ಸೂತ್ರಗಳ ಕಾಣಿಕೆಯಿಂದಲೇ 1976ರಲ್ಲಿ ಅದನ್ನು ಪೂರ್ಣಗೊಳಿಸಿದರು.

ಲಿಪಿಕಲೆಯನ್ನು ಕಲಿಯಬೇಕೆನ್ನುವವರಿಗೆ ಇದು ತರಗತಿಯಲ್ಲ. ಬರೆದ ಹಾಳೆ ದೇವಾಲಯಕ್ಕೇ ಸಲ್ಲುವುದರಿಂದ ಮನೆಗೆ ತಂದು ಚೌಕಟ್ಟು ಹಾಕಿಸುವ ಆಸೆಯನ್ನೂ ಬಿಡಬೇಕು. ಕೊನೆಯಲ್ಲಿ ಹೆಸರಿನೊಡನೆ ಹರಕೆಯನ್ನೂ ಬರೆಯಲು ಜಾಗವಿರುತ್ತದೆ. ಏನು ಬರೆಯಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ಹೋಗುವುದು ಒಳ್ಳೆಯದು.