ಟರ್ಬೊ ಆಕ್ಟೇವಿಯಾಗೆ ಹಾಕಿಸಿದ ಸ್ಟೀಲ್ ಮ್ಯಾನಿಫೋಲ್ಡ್: ಬಳ್ಳಾರಿಯಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ

ಐದಕ್ಕೆ ಎರಡು ಸ್ಟಾರ್. ಒಂದು ಪಿಕಪ್‌ಗೆ, ಇನ್ನೊಂದು ಸದ್ದಿಗೆ. ಉಳಿದ ಮೂರು ಯಾಕೆ ಹೋದವು ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಈ ಸಾಮಾನು ಕೆಟ್ಟರೆ ಹೋಗುವುದು ಬರೀ ರೊಕ್ಕವಲ್ಲ.

ಕಾರು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ, 20 ವಾಲ್ವ್, ಕಂಪನಿಯಿಂದ ಬಂದಾಗ 150 ಹಾರ್ಸ್‌ಪವರ್. ಗಣಿ ದುಡ್ಡು ಹರಿದಾಡುತ್ತಿದ್ದ ಕಾಲಕ್ಕೆ ಬಳ್ಳಾರಿಗೆ ಬಂದ ಕಾರುಗಳಲ್ಲಿ ಇದೂ ಒಂದು. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದ ಮೇಲೆ ಇಂಥವು ಕೈಯಿಂದ ಕೈಗೆ ದಾಟುತ್ತ ಬಂದವು. ನನಗೆ ಸಿಕ್ಕಾಗಲೇ ರೀಮ್ಯಾಪ್ ಆಗಿತ್ತು, ಅಂದರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸಿದ್ದರು. ಮೂಲ ಕೆ03 ಟರ್ಬೊ ತೆಗೆಸಿ ದೊಡ್ಡದು ಕೂರಿಸಿದೆ. ಅದರ ಜೊತೆಗೇ ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಕೂಡಿಸಿ ಟರ್ಬೊಗೆ ಒಯ್ಯುವ ಪೈಪುಗಳ ಜೋಡಣೆ) ಹೋಗಿ ಈ ಟ್ಯೂಬ್ಯುಲರ್ ಸ್ಟೇನ್‌ಲೆಸ್ ಸ್ಟೀಲ್ ಮ್ಯಾನಿಫೋಲ್ಡ್ ಬಂತು. 304 ಗ್ರೇಡ್, ಪೈಪಿನ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು. ತಯಾರಕರ ಹೆಸರು ಬರೆಯುವುದಿಲ್ಲ. ಇದೇ ನಮೂನೆಯ ಮಾಲು ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕಿದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹೊಸಪೇಟೆ ಹೈವೇಯಲ್ಲಿ ಅದಿರು ಲಾರಿಗಳ ಸಾಲು ದಾಟಲು ಗೇರ್ ಇಳಿಸಬೇಕಿಲ್ಲ, ಮೂರನೇ ಗೇರಲ್ಲೇ ಎಳೆಯುತ್ತದೆ. ಸದ್ದು ಕೇಳಿ ಕೌಲ್ ಬಜಾರಿನ ಹುಡುಗರು ತಿರುಗಿ ನೋಡುತ್ತಾರೆ. ಫಿಟಿಂಗ್ ಕೂಡ ಸರಿಯಾಗಿ ಕೂತಿತ್ತು, ಸ್ಟಡ್‌ಗಳಿಗೆ ತೂತು ಹಿಗ್ಗಿಸುವ ಪ್ರಸಂಗ ಬರಲಿಲ್ಲ. ಅಷ್ಟೇ.

ಆಮೇಲೆ ಬೆಳಗಿನ ಹೊತ್ತು ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಶುರುವಾಯಿತು. ಎಂಜಿನ್ ಬಿಸಿಯಾಗುತ್ತಿದ್ದಂತೆ ಸದ್ದು ಮಾಯ. "ಟ್ಯಾಪೆಟ್ ಐತಣ್ಣ, ಆಯಿಲ್ ಚೇಂಜ್ ಮಾಡಿದ್ರ ಹೋಗ್ತೈತಿ" ಅಂದ ಮೆಕ್ಯಾನಿಕ್. ಅವನನ್ನು ದೂರುವ ಹಾಗಿಲ್ಲ. ಈ ಎಂಜಿನ್ನಿನಲ್ಲಿ ವಾಲ್ವ್ ಒತ್ತುವ ಟ್ಯಾಪೆಟ್ ಹೈಡ್ರಾಲಿಕ್, ಅದೂ ತಣ್ಣಗಿದ್ದಾಗ ಕಿಟಿಕಿಟಿ ಅಂದು ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ವ್ಯತ್ಯಾಸ ತಿಳಿಯುವುದು ಆಕ್ಸಿಲರೇಟರ್ ಒತ್ತಿದಾಗ. ಮ್ಯಾನಿಫೋಲ್ಡ್ ಸೀಳಿದ್ದರೆ ಲೋಡ್ ಬಿದ್ದಂತೆ ಟಿಕ್ ದಪ್ಪವಾಗಿ ಚಟಚಟ ಅನ್ನುತ್ತದೆ. ಬಿಸಿಗೆ ಲೋಹ ಹಿಗ್ಗಿ ಸೀಳಿನ ತುಟಿಗಳು ಕೂಡಿಕೊಂಡಾಗ ಸದ್ದು ಅಡಗುತ್ತದೆ. ಸದ್ದು ಅಡಗಿತು ಅಂದರೆ ಸೋರಿಕೆ ಪೂರ್ತಿ ನಿಂತಿತು ಅಂತಲ್ಲ.

ಸೀಳು ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಅದರ ಮೇಲೆ ಹೀಟ್ ರ‍್ಯಾಪ್ ಸುತ್ತಿತ್ತು. ಈ ಬಟ್ಟೆ ಶಾಖವನ್ನು ಪೈಪಲ್ಲೇ ಹಿಡಿದಿಡುತ್ತದೆ. ಟರ್ಬೊಗೆ ಅದು ಲಾಭ, ಪೈಪಿನ ಲೋಹಕ್ಕೆ ಇನ್ನಷ್ಟು ಕಾವು. ರ‍್ಯಾಪ್ ಬಿಚ್ಚಿದಾಗ ನಾಲ್ಕು ಪೈಪು ಕೂಡುವ ಕಲೆಕ್ಟರ್ ಹತ್ತಿರ, ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ, ಲಾಟೀನಿನ ಗಾಜಿಗೆ ಹಿಡಿಯುವಂಥ ಮಸಿ. ಕುಡತಿನಿ ಥರ್ಮಲ್ ಪ್ಲಾಂಟಿನ ಬಾಯ್ಲರ್ ಟ್ಯೂಬ್ ಕೆಲಸ ಬಲ್ಲ ಪರಿಚಯದ ವೆಲ್ಡರ್ ಒಬ್ಬರು ಅದನ್ನು ಉಜ್ಜಿ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಮಾಡಿದರು. ಕೆಂಪು ಡೈ ಬಳಿದು, ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರು. ಬಿಳಿಯ ಮೇಲೆ ಎರಡನೇ ಪೈಪಿನ ಬುಡದಿಂದ ಮೂರನೆಯದರ ಕಡೆಗೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಉಜ್ಜಿದ ಮೇಲೂ ಬರಿಗಣ್ಣಿಗೆ ಅಲ್ಲಿ ಏನೂ ಕಂಡಿರಲಿಲ್ಲ. ತೋರಣಗಲ್ಲು, ಕುಡತಿನಿ ಕಡೆ ಈ ಟೆಸ್ಟ್ ಗೊತ್ತಿರುವವರು ಬೇಕಾದಷ್ಟು ಮಂದಿ ಇದ್ದಾರೆ, ಕಾರು ಗ್ಯಾರೇಜಿನವರು ಮಾತ್ರ ಅವರನ್ನು ಕೇಳುವುದಿಲ್ಲ.

ಸೀಳಿದ್ದು ಯಾಕೆ? ಕಂಪನಿ ಮ್ಯಾನಿಫೋಲ್ಡಿನ ಎರಕದ ಕಬ್ಬಿಣಕ್ಕೆ ಹೋಲಿಸಿದರೆ 304 ಸ್ಟೀಲ್ ಬಿಸಿಗೆ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ನಾನೂರು ಮಿಲಿಮೀಟರ್ ಉದ್ದದ ಸ್ಟೀಲ್ 700 ಡಿಗ್ರಿ ಏರಿದರೆ ಹತ್ತಿರ ಹತ್ತಿರ ಐದು ಮಿಲಿಮೀಟರ್ ಬೆಳೆಯುತ್ತದೆ. ಅದರ ಒಂದು ತುದಿ ಸಿಲಿಂಡರ್ ಹೆಡ್‌ಗೆ ಬಿಗಿದಿದೆ, ಹೆಡ್ ಅನ್ನು ಕೂಲಂಟ್ ನೂರು ಡಿಗ್ರಿಯ ಆಸುಪಾಸಲ್ಲಿ ಹಿಡಿದಿಟ್ಟಿರುತ್ತದೆ. ಇನ್ನೊಂದು ತುದಿಯಲ್ಲಿ ಟರ್ಬೊ ನೇತಾಡುತ್ತಿದೆ. ಬೆಳೆಯಲು ಜಾಗವಿಲ್ಲದ ಲೋಹ ಸೇಡು ತೀರಿಸಿಕೊಳ್ಳುವುದು ವೆಲ್ಡಿಂಗ್ ಪಕ್ಕದಲ್ಲೇ. ಸಾಲದ್ದಕ್ಕೆ 304 ಸ್ಟೀಲ್ 450ರಿಂದ 850 ಡಿಗ್ರಿ ನಡುವೆ ಹೆಚ್ಚು ಹೊತ್ತು ಇದ್ದರೆ ಅದರ ಕ್ರೋಮಿಯಂ ಕಾರ್ಬನ್ ಜೊತೆ ಸೇರಿ ಲೋಹದ ಕಣಗಳ ಅಂಚಲ್ಲಿ ಕೂಡುತ್ತದೆ, ಆ ಅಂಚುಗಳು ಸಡಿಲವಾಗುತ್ತವೆ. ಟೈಟಾನಿಯಂ ಬೆರೆಸಿದ 321, ನಿಯೋಬಿಯಂ ಬೆರೆಸಿದ 347 ಇರುವುದೇ ಇದಕ್ಕಾಗಿ. ನನ್ನ ಮಾಲಿನಲ್ಲಿ ಇನ್ನೊಂದು ಕೊರತೆ ಕಂಡಿತು: ವೆಲ್ಡಿಂಗ್ ಮಾಡುವಾಗ ಕಾದ ಲೋಹಕ್ಕೆ ಗಾಳಿ ತಾಗದಂತೆ ಪೈಪಿನೊಳಗೆ ಆರ್ಗಾನ್ ಬಿಟ್ಟಿಲ್ಲ. ಒಳಗೆ ಬೆರಳು ಹಾಕಿದರೆ ಸಕ್ಕರೆ ಹರಳಿನ ಹಾಗೆ ಒರಟು. ಟರ್ಬೊ ಭಾರ ಹೊರಲು ಬ್ರಾಕೆಟ್ ಕೊಟ್ಟಿರಲಿಲ್ಲ, ಅದರ ಮಾತೂ ಸೂಚನೆಯ ಹಾಳೆಯಲ್ಲಿ ಇರಲಿಲ್ಲ.

ಬಳ್ಳಾರಿ ಬಿಸಿಲಿಗೇ ಸೀಳಿತು ಅನ್ನುವವರೂ ಇದ್ದಾರೆ. 900 ಡಿಗ್ರಿ ಕಾಣುವ ಲೋಹಕ್ಕೆ ಹೊರಗಿನ 42 ಡಿಗ್ರಿ ಯಾವ ಲೆಕ್ಕ? ಬಿಸಿಲು ಕೆಡಿಸುವುದು ಬೇರೆ ಕಡೆ. ಇಲ್ಲಿ ಫೆಬ್ರವರಿಯಿಂದಲೇ ಕಿಟಕಿ ಮುಚ್ಚಿ ಎಸಿ ಹಾಕಿಕೊಂಡೇ ಓಡಿಸುತ್ತೇವೆ.

ಈ ಕಾರಿನಲ್ಲಿ ಎಂಜಿನ್ ಅಡ್ಡ ಕೂತಿದೆ. ಮ್ಯಾನಿಫೋಲ್ಡ್, ಟರ್ಬೊ ಎರಡೂ ಹಿಂದುಗಡೆ, ಫೈರ್‌ವಾಲ್ ಕಡೆ. ಕ್ಯಾಬಿನ್‌ಗೆ ಹೊರಗಿನ ಗಾಳಿ ಎಳೆಯುವ ಬಾಯಿ ಮುಂದಿನ ಗಾಜಿನ ಬುಡದಲ್ಲಿ, ಹೆಚ್ಚುಕಡಿಮೆ ಅದರ ನೆತ್ತಿಯ ಮೇಲೆ. ಬಾನೆಟ್ ಹಿಂದಿನ ರಬ್ಬರ್ ಬೀಡಿಂಗ್ ಹಳೆಯ ಕಾರಲ್ಲಿ ಗಟ್ಟಿಯಾಗಿ ಅಲ್ಲಲ್ಲಿ ಬಿಟ್ಟಿರುತ್ತದೆ. ಮೇಲಾಗಿ ಇಲ್ಲಿ ಸೋರುವ ಹೊಗೆ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ಮುಟ್ಟದ ಹಸಿ ಹೊಗೆ. ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರಿ ಪೆಟ್ರೋಲ್ ಜಾಸ್ತಿ ಸುರಿದಾಗ ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಶೇಕಡಾ ಒಂದು ಅಂದರೆ 10,000 ಪಿಪಿಎಂ, ಹತ್ತು ಲಕ್ಷ ಭಾಗದಲ್ಲಿ ಹತ್ತು ಸಾವಿರ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ಹೊಟ್ಟೆ ತೊಳೆಸುವುದು, ಜೊಂಪು: ಇದರ ಮೊದಲ ಲಕ್ಷಣ ಇಷ್ಟೇ, ಮಟಮಟ ಮಧ್ಯಾಹ್ನ ಸೊಂಡೂರು ಘಟ್ಟದ ತಿರುವು ಸುತ್ತಿ ಬಂದವರಿಗೂ ಇಷ್ಟೇ. ಕಿಟಕಿ ಇಳಿಸಿದರೆ ಕಡಿಮೆಯಾಗುವ ತಲೆನೋವು, ಕಾರಲ್ಲಿದ್ದ ಎಲ್ಲರಿಗೂ ಒಟ್ಟಿಗೆ ಬಂದ ತಲೆನೋವು, ಇವೆರಡನ್ನೂ ಬಿಸಿಲಿನ ಲೆಕ್ಕಕ್ಕೆ ಬರೆಯಬೇಡಿ.

ಸೀಳು ಗೊತ್ತಾದ ಮೇಲೆ ಕೈಯಲ್ಲಿ ಹಿಡಿಯುವ ಸಿಒ (ಕಾರ್ಬನ್ ಮಾನಾಕ್ಸೈಡ್) ಮೀಟರ್ ತರಿಸಿ ಸೀಟಿನ ಮೇಲಿಟ್ಟು ಓಡಿಸಿ ನೋಡಿದೆ. ವೇಗದಲ್ಲಿ ಓಡುವಾಗ ಮುಳ್ಳು ಅಷ್ಟಾಗಿ ಏಳಲಿಲ್ಲ. ಗಡಿಗಿ ಚನ್ನಪ್ಪ ಸರ್ಕಲ್ಲಿನಲ್ಲಿ ಸಿಗ್ನಲ್‌ಗೆ ನಿಂತಾಗ, ಎಸಿ ಹೊರಗಾಳಿ ಎಳೆಯುವ ಮೋಡ್‌ನಲ್ಲಿ, 50 ಪಿಪಿಎಂ ದಾಟಿತು. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಎಂಟು ಗಂಟೆಯ ಸರಾಸರಿಯಾಗಿ ಇಟ್ಟಿರುವ ಕಾನೂನು ಮಿತಿಯೇ 50. ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಹಾಕಿದರೆ ನಿಧಾನವಾಗಿ ಏರುತ್ತದೆ, ಆದರೆ ಒಳಗೆ ಸೇರಿದ್ದು ಒಳಗೇ ಉಳಿಯುತ್ತದೆ. ಹಿಂದಿನ ಸೀಟಲ್ಲಿ ಮಕ್ಕಳನ್ನು ಮಲಗಿಸಿಕೊಂಡು ದೂರ ಹೋಗುವವರು ಈ ಪ್ಯಾರಾ ಇನ್ನೊಮ್ಮೆ ಓದಿ.

ಬೆಂಕಿಯ ವಿಷಯವೂ ಸಣ್ಣದಲ್ಲ. ಸೀಳಿನಿಂದ ಹೊಗೆ ಸುಮ್ಮನೆ ಹರಡುವುದಿಲ್ಲ, ಗ್ಯಾಸ್ ಕಟರ್ ಥರ ಒಂದೇ ದಿಕ್ಕಿಗೆ ಚಿಮ್ಮುತ್ತದೆ. ಸುತ್ತಮುತ್ತ ಟರ್ಬೊ ಆಯಿಲ್ ಪೈಪು, ಕೂಲಂಟ್ ಹೋಸ್, ವೈರಿಂಗ್, ಬ್ರೇಕ್ ಲೈನ್. ಹಳೆಯದಾಗಿ ನೀರು ಹೀರಿದ ಡಾಟ್ 4 ಬ್ರೇಕ್ ಆಯಿಲ್ ಕುದಿಯಲು 155 ಡಿಗ್ರಿ ಆಸುಪಾಸು ಸಾಕು. ನನ್ನ ಕಾರಲ್ಲಿ ಒಂದು ವೈರಿನ ಕವಚ ಕರಗಿ ಕೆಳಗಿನ ತಾಮ್ರ ಕಾಣುತ್ತಿತ್ತು. ಪೈಪಿನ ಚೂರು ಮುರಿದು ಒಳಕ್ಕೆ ಹೋದರೆ ಟರ್ಬೈನ್ ರೆಕ್ಕೆಯೂ ಹೋಯಿತು. ಬೂಸ್ಟ್ ತಡವಾಗಿ ಬರುವುದು, ಫ್ಯುಯೆಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಲೆಕ್ಕ) ಪ್ಲಸ್ ಕಡೆ ವಾಲುವುದು, ಪೆಟ್ರೋಲ್ ಸಾಲದು ಅನ್ನುವ ಪಿ0171 ಕೋಡ್ ಬರುವುದು, ಮೈಲೇಜ್ ಬೀಳುವುದು ಇವೆಲ್ಲ ಚಿಲ್ಲರೆ ತೊಂದರೆಗಳು.

ಅದೇ ವೆಲ್ಡರ್ ಕೈಯಲ್ಲಿ ಸೀಳು ಮುಂದೆ ಹರಿಯದಂತೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆಸಿ, ಒಳಗೆ ಆರ್ಗಾನ್ ಬಿಟ್ಟು ಟಿಗ್ ವೆಲ್ಡಿಂಗ್ ಮಾಡಿಸಿದೆ. ಕೆಲಸ ಅಚ್ಚುಕಟ್ಟು, ಅವರೇ ಹಾಕಿದ ಗೆರೆ ಇವತ್ತಿಗೂ ಬಿಟ್ಟಿಲ್ಲ. ಅದರ ಪಕ್ಕದಲ್ಲಿ ಹೊಸದು ಬಿಟ್ಟಿತು. ಮಾರಿದವರಿಗೆ ಫೋಟೋ ಕಳಿಸಿದ್ದಕ್ಕೆ ರೇಸಿಂಗ್ ಸಾಮಾನಿಗೆ ವಾರಂಟಿ ಇಲ್ಲ ಎಂಬ ಉತ್ತರ ಬಂತು. ಮಾರುವಾಗ ದಿನನಿತ್ಯದ ಬಳಕೆಗೂ ಆಗುತ್ತದೆ ಅಂದಿದ್ದವರೂ ಇವರೇ.

ಈಗ ಕಾರಲ್ಲಿ ಎರಕದ ಕಬ್ಬಿಣದ ಮ್ಯಾನಿಫೋಲ್ಡ್, ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್‌ಗಳು, ಟರ್ಬೊಗೆ ಬ್ರಾಕೆಟ್ ಇವೆ. ಬೂಸ್ಟ್ ಚೂರು ತಡ, ಸದ್ದು ಸಪ್ಪೆ, ಮೀಟರ್ ಸೊನ್ನೆ. ನನಗೆ ಇದೇ ಸಾಕು.

ಆದರೂ ಸ್ಟೀಲೇ ಬೇಕು ಅಂದರೆ ತೆಳು ಪೈಪಿನದು ಬೇಡ. ದಪ್ಪ ಗೋಡೆಯ ಸ್ಟೀಮ್ ಪೈಪ್ ಬೆಂಡ್‌ಗಳಿಂದ ಮಾಡಿದ್ದು ಅಥವಾ 321 ಕೇಳಿ. ಹೆಡ್‌ಗೆ ಬಿಗಿಯುವ ಪಟ್ಟಿಯನ್ನು (ಫ್ಲ್ಯಾಂಜ್) ಪೋರ್ಟ್‌ಗಳ ನಡುವೆ ಕತ್ತರಿಸಿ ಬಿಟ್ಟಿದ್ದಾರೆಯೇ ನೋಡಿ, ಹಿಗ್ಗಲು ಜಾಗ ಬೇಕು. ಬ್ರಾಕೆಟ್ ಇಲ್ಲದೆ ಟರ್ಬೊ ನೇತುಹಾಕಬೇಡಿ, ರ‍್ಯಾಪ್ ಸುತ್ತಬೇಡಿ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳ ಮೇಲೆ ಕಣ್ಣಿಟ್ಟಿದೆ, ಆಕ್ಸಿಡೆಂಟ್ ಆದಾಗ ವಿಮೆಯವರೂ ಅದನ್ನೇ ಎತ್ತುತ್ತಾರೆ. ಮಾಡಿಫೈ ಆದ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಬೆಳಿಗ್ಗೆ ಮುಂಚೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ. ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯನ್ನು ಸೈಲೆನ್ಸರಿಗೆ ಹಿಡಿಸಿ ಮ್ಯಾನಿಫೋಲ್ಡ್ ಮೇಲೆ ಸೋಪಿನ ನೀರು ಹೊಡೆದರೆ ಸೀಳು ಇದ್ದಲ್ಲಿ ಗುಳ್ಳೆ ಏಳುತ್ತದೆ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದರೆ ಮಾರನೇ ದಿನ ಬರುತ್ತೇನೆ ಅಂತ ಹೇಳಿ ವಾಪಸ್ ಬನ್ನಿ.