ಲ್ಯಾವೆಂಡರ್: ಬೀಜವೋ, ಕಡ್ಡಿಯೋ, ಸಸಿಯೋ?

ಖರ್ಚು ನೋಡಿದರೆ ಬೀಜ ಅಗ್ಗ, ಆದರೆ ತಾಳ್ಮೆ ಜಾಸ್ತಿ ಬೇಕು. ಇಂಗ್ಲಿಷ್ ಲ್ಯಾವೆಂಡರ್ ಬೀಜವನ್ನು ಒದ್ದೆ ಮರಳಲ್ಲಿ ಬೆರೆಸಿ 3ರಿಂದ 6 ವಾರ ಫ್ರಿಜ್‌ನಲ್ಲಿಡಿ. ಬಿತ್ತುವಾಗ ಮಣ್ಣು ಮುಚ್ಚಬೇಡಿ, ಸುಮ್ನೆ ಬೆರಳಲ್ಲಿ ಒತ್ತಿ. ಮೊಳೆಯಲು ಬೆಳಕು ಬೇಕು. ಎಲ್ಲ ಬೀಜವೂ ಏಳುವುದಿಲ್ಲ. ಹೂ ಸಾಮಾನ್ಯವಾಗಿ ಎರಡನೇ ವರ್ಷಕ್ಕೆ.

ಪರಿಚಯದವರಲ್ಲಿ ಗಿಡವಿದ್ದರೆ ಹೂವಿಲ್ಲದ ಎಳೆ ಕಡ್ಡಿ ಕೇಳಿ ತನ್ನಿ. ಕಾಸಿಲ್ಲದೆ ತಾಯಿಗಿಡದ ಗುಣವೇ ಸಿಗುತ್ತದೆ, ಅಲ್ವಾ? ನರ್ಸರಿ ಸಸಿಗೆ ದುಡ್ಡು ಹೆಚ್ಚು, ಕೆಲಸ ಕಡಿಮೆ.

ಬೆಳಗಾವಿಯಲ್ಲಿ ಮಳೆಗಾಲ ಮುಗಿದ ಮೇಲೆ ಬಿತ್ತುವವರಿಗೆ ಬೀಜ ಒಗ್ಗುತ್ತದೆ. ಮುಂದಿನ ಮಳೆಗೆ ಕುಂಡ ಸೂರಿನಡಿ ಇರಲಿ, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ವಿಜಯಪುರದ ಬೇಸಿಗೆಯನ್ನು ಎಳೆ ಮೊಳಕೆ ತಡೆಯೋದು ಕಷ್ಟ. ಅಲ್ಲಿ ನಾನಾದರೆ ಇಂಗ್ಲಿಷ್ ಬಗೆಗಿಂತ ಸೆಕೆ ಹೆಚ್ಚು ತಾಳುವ ಫ್ರೆಂಚ್ ಲ್ಯಾವೆಂಡರ್‌ನ ಬಲಿತ ಸಸಿಯನ್ನೇ ತರುತ್ತೇನೆ. ಕುಂಡಕ್ಕೆ ಎರೆಮಣ್ಣು ಮಾತ್ರ ಬೇಡ, ನೀರು ಹಿಡಿದಿಡುತ್ತದೆ.